ಕರ್ತೃತ್ವ ವಿಚಾರವೂ ಪಾಠರಕ್ಷಣೆಯೂ

ಕೊಡಗಿನ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ‘ರಾಜೇಂದ್ರನಾಮೆ’ಯು ಅಪರಿಚಿತವಲ್ಲ. ವೀರಶೈವ ಮತಾವಲಂಬಿಗಳಾದ ಹಾಲೇರಿ ಅರಸರ ವೃತ್ತಾಂತವನ್ನು 1633ರಿಂದ 1807ರವರೆಗೆ ನಿರೂಪಿಸುವ ಈ ಕನ್ನಡ ಗ್ರಂಥವನ್ನು ದೊಡ್ಡ ವೀರರಾಜೇಂದ್ರನು ಬರೆಯಿಸಿದನು. 1808ರಲ್ಲಿಯೇ ಇದು ಇಂಗ್ಲಿಷಿಗೆ ಭಾಷಾಂತರಗೊಂಡಿತು. ಗ್ರಂಥಕ್ಕೆ ದೊರೆಯ ಹೆಸರಿದೆ, ದೊರೆಯ ಆಜ್ಞೆಯ ಬಲವಿದೆ. ಆದರೆ ಲೇಖನಿ ಹಿಡಿದ ಕೈ ಯಾರದು? ಬರೆಯಿಸಿದವನು ಬೇರೆ, ಬರೆದವನು ಬೇರೆ ಎಂಬ ಈ ಸಾಮಾನ್ಯ ಭೇದವೇ ಸಾಹಿತ್ಯಚರಿತ್ರೆಯ ಕರ್ತೃತ್ವ ವಿವಾದಗಳಲ್ಲಿ ಅನೇಕವಕ್ಕೆ ಮೂಲವಾಗಿದೆ.

ಈ ಬಗೆಯ ಜಿಜ್ಞಾಸೆಯು ವಿಶ್ವವಿದ್ಯಾನಿಲಯಗಳ ಪಂಡಿತರಿಗೇ ಮೀಸಲಾಗಿ ಉಳಿದುದಲ್ಲ. ವಕೀಲರು, ಉಪಾಧ್ಯಾಯರು, ಸರಕಾರಿ ನೌಕರರು ತಮ್ಮ ವೃತ್ತಿಯ ನಡುವೆ ಬಿಡುವು ಮಾಡಿಕೊಂಡು ಇದರಲ್ಲಿ ತೊಡಗಿದ್ದಾರೆ. ಅವರ ಉತ್ಸಾಹದಿಂದ ಸಾಹಿತ್ಯಕ್ಕೆ ಆದ ಲಾಭವೆಷ್ಟು, ಅದರಿಂದ ಒದಗಬಹುದಾದ ಅಪಾಯವೇನು ಎಂಬುದು ವಚನಾಭ್ಯಾಸಿಗಳಾದ ನಮಗೆ ವಿಚಾರಾರ್ಹವಾದ ವಿಷಯ.

ಪರದೇಶದ ಒಂದು ನಿದರ್ಶನವನ್ನು ಮೊದಲು ನೋಡಬಹುದು. 1616ರಲ್ಲಿ ತೀರಿಕೊಂಡ ಷೇಕ್ಸ್‌ಪಿಯರನ ನಾಟಕಗಳನ್ನು ಬರೆದವರು ಬೇರೆ ವಿದ್ವಾಂಸರೆಂದು 1857ರಲ್ಲಿ ಡೀಲಿಯಾ ಬೇಕನ್ ಎಂಬ ಅಮೆರಿಕದ ಮಹಿಳೆ ಗ್ರಂಥವೊಂದನ್ನು ರಚಿಸಿದಳು. 1920ರಲ್ಲಿ ಲೂನಿ ಎಂಬ ಇಂಗ್ಲೆಂಡಿನ ಶಾಲಾ ಉಪಾಧ್ಯಾಯನು ಆ ನಾಟಕಗಳು ಆಕ್ಸ್‌ಫರ್ಡಿನ ಅರ್ಲ್‌ನವೆಂದು ವಾದಿಸಿದನು. ಆ ಅರ್ಲ್ 1604ರಲ್ಲಿಯೇ ಮಡಿದಿದ್ದರೂ ವಾದವು ನಿಲ್ಲಲಿಲ್ಲ. ಒಬ್ಬ ಸಾಮಾನ್ಯ ಊರಿನವನಿಂದ ಇಂತಹ ಕೃತಿಗಳು ಹೇಗೆ ಹುಟ್ಟಿಯಾವು ಎಂಬ ಸಂಶಯವೇ ಈ ವಾದಗಳ ತಳಹದಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರ ನುಡಿಗಳನ್ನು ಓದಿ ಬೆಳೆದವರಿಗೆ ಈ ಸಂಶಯವು ವಿಚಿತ್ರವಾಗಿ ಕಾಣದಿರದು. ಅನುಭಾವವೂ ಪ್ರತಿಭೆಯೂ ಕುಲವನ್ನು ಕೇಳಿ ಬರುವುದಿಲ್ಲವೆಂಬುದಕ್ಕೆ ನಮ್ಮಲ್ಲಿ ಹೊಸ ಪ್ರಮಾಣ ಬೇಕಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯು ಮೊದಲ ಲಭ್ಯ ಗ್ರಂಥದಿಂದಲೇ ಆರಂಭವಾಗುತ್ತದೆ. 1898ರಲ್ಲಿ ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಪ್ರಕಟಿಸಿದಾಗ, ಅದು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಕೃತಿಯೆಂದು ಪ್ರಸಿದ್ಧಿ ಪಡೆಯಿತು. ಆದರೆ ಪರಿಚ್ಛೇದಗಳ ಅಂತ್ಯದಲ್ಲಿ ಬರುವ ‘ನೃಪತುಂಗದೇವಾನುಮತ’ ಎಂಬ ಪದವು ವಿದ್ವಾಂಸರನ್ನು ತಡೆದು ನಿಲ್ಲಿಸಿತು. ಅನುಮತವೆಂದರೆ ಒಪ್ಪಿಗೆ ಪಡೆದುದು. ಒಪ್ಪಿದವನು ರಚಿಸಿದವನೇ ಆಗಬೇಕೆಂಬ ನಿಯಮವಿಲ್ಲ. ಈ ಪದವನ್ನೂ ಗ್ರಂಥದ ಒಳಗಿನ ಇತರ ಆಧಾರಗಳನ್ನೂ ಹಿಡಿದು, ಆಸ್ಥಾನಕವಿ ಶ್ರೀವಿಜಯನೇ ಕರ್ತೃವೆಂಬ ಅಭಿಪ್ರಾಯವು ಬಲಗೊಂಡು ಇಂದು ಬಹುಮಾನ್ಯವಾಗಿದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕರ್ತೃವಿನ ಹೆಸರು ಬದಲಾಯಿತು. ಗ್ರಂಥದ ಪಾಠ ಬದಲಾಗಲಿಲ್ಲ. ವಾದಕ್ಕೆ ಆಧಾರವಾದ ಪದವು ಎರಡೂ ಪಕ್ಷದವರ ಮುಂದೆ ಇದ್ದ ಹಾಗೆಯೇ ಇತ್ತು.

ವಚನಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಶರಣರು ತಮ್ಮ ಹೆಸರನ್ನು ಸಾಮಾನ್ಯವಾಗಿ ವಚನದಲ್ಲಿ ಇಡಲಿಲ್ಲ, ಇಷ್ಟದೈವದ ಹೆಸರನ್ನಿಟ್ಟರು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ ಎಂದು ನಾವು ಗುರುತಿಸುವುದು ಈ ಅಂಕಿತದ ಬಲದಿಂದ. ಅಂಬಿಗರ ಚೌಡಯ್ಯನಂತೆ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟವರು ವಿರಳ. ಹನ್ನೆರಡನೆಯ ಶತಮಾನದ ಈ ನುಡಿಗಳು ವಿಶೇಷವಾಗಿ ಸಂಕಲನಗೊಂಡುದು ಹದಿನೈದನೆಯ ಶತಮಾನದಲ್ಲಿ. ನಡುವಣ ಕಾಲದಲ್ಲಿ ಅವು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿ ಬಂದವು. ಹೀಗಿರುವಾಗ ಲಿಪಿಕಾರನೊಬ್ಬನು ಅಂಕಿತವನ್ನು ತಪ್ಪಿ ಬರೆದರೆ ಒಬ್ಬ ಶರಣರ ಅನುಭವವು ಮತ್ತೊಬ್ಬರ ಲೆಕ್ಕಕ್ಕೆ ಸೇರಿಹೋಗುತ್ತದೆ. ಅಂಕಿತವು ಸ್ಪಷ್ಟವಾಗಿದ್ದರೂ ವ್ಯಕ್ತಿಯು ಅಸ್ಪಷ್ಟವಾಗಿ ಉಳಿಯುವುದುಂಟು. ಚಾಲುಕ್ಯ ರಾಣಿ ಸುಗ್ಗಲೆಯ ಗುರುವೆಂದು ಖ್ಯಾತನಾದ ದೇವರ ದಾಸಿಮಯ್ಯನೂ, ‘ರಾಮನಾಥ’ ಅಂಕಿತದ ಜೇಡರ ದಾಸಿಮಯ್ಯನೂ ಒಬ್ಬರೇ ಇಬ್ಬರೇ ಎಂಬ ಚರ್ಚೆಯು ಇದಕ್ಕೆ ಸುಪರಿಚಿತ ನಿದರ್ಶನ.

ಈ ಕ್ಷೇತ್ರದಲ್ಲಿ ಹವ್ಯಾಸದ ಹಿರಿಮೆಯನ್ನು ತೋರಿಸಿದವರು ಡಾ. ಫ. ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ತಾಡವೋಲೆಗಳನ್ನು ಅರಸುತ್ತ ಊರೂರು ತಿರುಗಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ‘ವಚನಶಾಸ್ತ್ರಸಾರ’ ಬಂದ ಮರುವರ್ಷವೇ, ಅಂದರೆ 1924ರಲ್ಲಿ, ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಪ್ರಕಟವಾಯಿತು. ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಈ ಮಹನೀಯರು ಕೊಡವ ಜನಪದ ಹಾಡುಗಳನ್ನು ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ಮುದ್ರಿಸಿದರು. ಆ ಹಾಡುಗಳನ್ನು ಕಟ್ಟಿದವರ ಹೆಸರು ಪರಂಪರೆಯಲ್ಲಿ ಕರಗಿಹೋಗಿದೆ. ಆದರೂ ಹಾಡು ಉಳಿಯಿತು. ಕರ್ತೃವಿನ ಹೆಸರು ದೊರೆತರೆ ಸಂತೋಷ, ದೊರೆಯದಿದ್ದರೆ ಕೃತಿಗೆ ಕುಂದಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. 1993ರಲ್ಲಿ ಕರ್ನಾಟಕ ಸರಕಾರವು ಪ್ರಕಟಿಸಿದ ಹದಿನೈದು ಸಮಗ್ರ ವಚನ ಸಂಪುಟಗಳಲ್ಲಿಯೂ ಹೆಸರು ತಿಳಿಯದ ವಚನಕಾರರಿಗೆ ಸ್ಥಾನ ದೊರೆತಿದೆ.

ಉತ್ಸಾಹವು ಎಲ್ಲೆ ಮೀರಿದಾಗ ಏನಾಗುತ್ತದೆಂಬುದನ್ನೂ ಸಮಾಜವು ಕಂಡಿದೆ. ಮಾತೆ ಮಹಾದೇವಿಯವರು ತಮ್ಮ ‘ವಚನದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಇರಿಸಿದರು. 1998ರಲ್ಲಿ ರಾಜ್ಯ ಸರಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಗ್ರಂಥನಿಷೇಧವು ಯುಕ್ತವೇ ಅಯುಕ್ತವೇ ಎಂಬುದು ಬೇರೆಯೇ ವಿಚಾರ. ಸಾಹಿತ್ಯದ ವಿದ್ಯಾರ್ಥಿಯು ಗ್ರಹಿಸಬೇಕಾದುದು ಇಷ್ಟು: ಅಂಕಿತವು ಬರಿಯ ಅಲಂಕಾರವಲ್ಲ, ಅದು ವಚನಕಾರನ ಹಸ್ತಾಕ್ಷರ. ಅದು ಹೀಗಿರಬೇಕಿತ್ತೆಂದು ತೋರಿದವರು ಪೀಠಿಕೆಯಲ್ಲಿ ವಾದಿಸಲಿ, ಅಡಿಟಿಪ್ಪಣಿಯಲ್ಲಿ ಸೂಚಿಸಲಿ. ಪಾಠದೊಳಗೆ ಕೈಯಿಟ್ಟರೆ ಮುಂದಿನ ಓದುಗನ ಕೈಯಿಂದ ಪ್ರಮಾಣವನ್ನೇ ಕಿತ್ತುಕೊಂಡಂತಾಗುತ್ತದೆ.

ಕೊಡಗಿನಲ್ಲಿ ವೀರಶೈವ ಮಠಗಳಿವೆ. ಹಾಲೇರಿ ಅರಸರ ಕಾಲದಿಂದ ಬಂದ ಸಂಪ್ರದಾಯಗಳಿವೆ. ಯಾರ ಮನೆಯಲ್ಲಾಗಲಿ ಹಳೆಯ ಓಲೆಯೋ ಕಾಗದದ ಪ್ರತಿಯೋ ದೊರೆತರೆ, ಇದು ಯಾರದೆಂದು ನಿರ್ಧರಿಸುವ ಆತುರ ಬೇಡ. ಅದು ದೊರೆತ ಸ್ಥಳವನ್ನು ಬರೆದಿಡಬೇಕು. ಆದಿಯನ್ನೂ ಅಂತ್ಯವನ್ನೂ ಅಕ್ಷರಶಃ ಪ್ರತಿಮಾಡಬೇಕು. ಅಂಕಿತವು ಇದ್ದ ಹಾಗೆಯೇ, ದೋಷವಿದ್ದರೆ ದೋಷದೊಡನೆಯೇ, ನಕಲಾಗಬೇಕು. ಮುದ್ರಿತ ಪ್ರತಿಗಳೊಡನೆ ಹೋಲಿಸಿ ನೋಡುವುದು ಅನಂತರದ ಕೆಲಸ. ಹೆಸರಿನ ನಿರ್ಣಯವು ಎಲ್ಲಕ್ಕಿಂತ ಕೊನೆಯದು. ವಾದದಲ್ಲಿ ಸೋತವನೂ ಪಾಠವನ್ನು ಕಾಪಾಡಿದ್ದರೆ ಸಾಹಿತ್ಯಕ್ಕೆ ಉಪಕಾರಿಯೇ. ಗೆದ್ದವನು ಪಾಠವನ್ನು ಕೆಡಿಸಿದ್ದರೆ, ಆ ಗೆಲುವನ್ನು ಪರೀಕ್ಷಿಸಲು ಮುಂದಿನವರಿಗೆ ದಾರಿಯೇ ಉಳಿಯುವುದಿಲ್ಲ.