ರಕ್ತನಂಜಿನಲ್ಲಿ ಸಂದೇಶಾಣುಗಳ ಪರಸ್ಪರ ವ್ಯಾಪಾರ: ಕಾಲಕ್ರಮವನ್ನು ಕುರಿತ ಒಂದು ವಿಚಾರ

ಬ್ಯಾಕ್ಟೀರಿಯಗಳು ರಕ್ತವನ್ನು ಹೊಕ್ಕು ಉಗ್ರವಾದ ನಂಜು ತಲೆದೋರಿದಾಗ ರೋಗಿಯ ಪ್ರಾಣಕ್ಕೆ ಸಂಚಕಾರ ತರುವುದು ಆ ಜೀವಿಗಳ ವಿಷ ಮಾತ್ರವಲ್ಲ, ಅದನ್ನು ಎದುರಿಸಲು ದೇಹವೇ ಹೊರಡಿಸುವ ಸಂದೇಶಾಣುಗಳ (ಸೈಟೊಕೈನುಗಳ) ಅತಿರೇಕವೂ ಹೌದೆಂಬ ಮತವು ವೈದ್ಯಶಾಸ್ತ್ರದಲ್ಲಿ ನೆಲೆಗೊಂಡು ದಶಕಗಳು ಸಂದುವು. ಆ ಅತಿರೇಕವನ್ನು ಒಂದೇ ಅಣುವಿನ ಮೇಲೆ ಹೊರಿಸಿದುದರ ಫಲವೇನೆಂಬುದಕ್ಕೆ ಟಿಎನ್‌ಎಫ್ ಎಂಬ ಸೈಟೊಕೈನಿನ ವೃತ್ತಾಂತವೇ ಸಾಕ್ಷಿ.

ಗ್ರಾಂ-ಋಣ ಬ್ಯಾಕ್ಟೀರಿಯದ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡನ್ನು ಮ್ಯಾಕ್ರೊಫೇಜ್ ಕೋಶವು ಟಿಎಲ್‌ಆರ್-4 ಗ್ರಾಹಕದ ಮೂಲಕ ಗುರುತಿಸುತ್ತದೆ. ಬ್ರೂಸ್ ಬಾಯ್ಟ್ಲರರ ತಂಡವು 1998ರಲ್ಲಿ ಇಲಿಗಳಲ್ಲಿ ಸ್ಥಾಪಿಸಿದ ಸಂಗತಿಯಿದು. ಲಿಪೊಪಾಲಿಸ್ಯಾಕರೈಡ್ ಎಂಬ ಈ ಅಂತರ್ವಿಷವನ್ನು ಸ್ವಲ್ಪವೇ ಸಿರೆಗೆ ಕೊಡಿಸಿಕೊಂಡ ಆರೋಗ್ಯವಂತರ ರಕ್ತದಲ್ಲಿ ಟಿಎನ್‌ಎಫ್ ಸುಮಾರು ಒಂದೂವರೆ ಗಂಟೆಯಲ್ಲಿ ಶಿಖರವನ್ನು ಮುಟ್ಟಿ, ಕೆಲವೇ ತಾಸುಗಳಲ್ಲಿ ಇಳಿದುಹೋಗುತ್ತದೆ. ಅದು ಇಳಿಯುವಷ್ಟರಲ್ಲಿ ಇಂಟರ್‌ಲ್ಯೂಕಿನ್-6 ಏರಿ, ಯಕೃತ್ತಿನಿಂದ ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೊರಡಿಸುತ್ತದೆ. ಇಂಟರ್‌ಲ್ಯೂಕಿನ್-10 ಆದರೋ ಅದೇ ಮ್ಯಾಕ್ರೊಫೇಜಿಗೆ ಮರಳಿ ಟಿಎನ್‌ಎಫ್‌ನ ಉತ್ಪಾದನೆಯನ್ನು ಅಡಗಿಸುತ್ತದೆ. ಪ್ರಚೋದನೆ, ನಿಗ್ರಹಗಳೆರಡೂ ಹೀಗೆ ಏಕಕಾಲದಲ್ಲಿ ನಡೆಯುವುವು.

1987ರಲ್ಲಿ ಕೆವಿನ್ ಟ್ರೇಸಿ ಮತ್ತು ಸಂಗಡಿಗರು ಬಬೂನುಗಳ ರಕ್ತಕ್ಕೆ ಮಾರಕ ಪ್ರಮಾಣದ ಈ. ಕೋಲಿಯನ್ನು ಹರಿಸಿದರು. ಟಿಎನ್‌ಎಫ್ ವಿರೋಧಿ ಪ್ರತಿಕಾಯವನ್ನು ಎರಡು ಗಂಟೆ ಮುಂಚೆ ಪಡೆದ ಪ್ರಾಣಿಗಳು ಸಂಪೂರ್ಣ ರಕ್ಷಣೆ ಹೊಂದಿದುವು. ಒಂದೇ ಗಂಟೆ ಮುಂಚೆ ಪಡೆದುವು ಆಘಾತದಿಂದ ಪಾರಾದರೂ ಅವುಗಳ ಅಂಗಾಂಗಗಳ ವೈಫಲ್ಯ ತಪ್ಪಲಿಲ್ಲ. ಆ ಒಂದು ಗಂಟೆಯ ಅಂತರದ ಅರ್ಥವನ್ನು ಆಗ ಸಾಕಷ್ಟು ಗಮನಿಸಲಿಲ್ಲವೆಂದು ನನ್ನ ಅಭಿಪ್ರಾಯ. ಮೂರು ವರ್ಷಗಳ ತರುವಾಯ, ಕರುಳಿನಿಂದ ಹೊಟ್ಟೆಯೊಳಕ್ಕೆ ಸೋಂಕು ಹರಡಿದ ಇಲಿಗಳಲ್ಲಿ ಇಂಥದೇ ಪ್ರತಿಕಾಯವು ಸಾವನ್ನು ಹೆಚ್ಚಿಸಿತು: ಸೋಂಕನ್ನು ಒಂದೆಡೆ ಕಟ್ಟಿಹಾಕುವುದಕ್ಕೆ ಟಿಎನ್‌ಎಫ್ ಅಣುವೇ ಆವಶ್ಯಕವಾಗಿದ್ದಿತು.

ಆದಾಗ್ಯೂ ಮನುಷ್ಯರ ಮೇಲಿನ ಪ್ರಯೋಗಗಳು ಮುಂದುವರಿದುವು. ನಂಜಿನ ಆಘಾತಕ್ಕೊಳಗಾದ 141 ರೋಗಿಗಳಿಗೆ ಸಂಬಂಧಿಸಿದ 1996ರ ವರದಿಯ ಮೇರೆಗೆ, ಟಿಎನ್‌ಎಫ್ ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಗ್ರಾಹಕ-ಪ್ರೋಟೀನನ್ನು ಅಧಿಕ ಪ್ರಮಾಣದಲ್ಲಿ ಪಡೆದವರಲ್ಲಿ ಶೇಕಡ 53ರಷ್ಟು ಮಂದಿ ಮಡಿದರು. ಹುಸಿ ಔಷಧವನ್ನು ಪಡೆದವರಲ್ಲಿ ಮಡಿದವರು ಶೇಕಡ 30. ಬಬೂನಿಗೆ ಸೋಂಕು ತಗಲುವ ಗಳಿಗೆ ಪ್ರಯೋಗಕಾರನಿಗೆ ತಿಳಿದಿರುತ್ತದೆ. ಜ್ವರ ಬಂದು, ರಕ್ತದೊತ್ತಡ ಕುಸಿದ ಮೇಲೆ ಆಸ್ಪತ್ರೆಗೆ ಬರುವ ರೋಗಿಯಲ್ಲಾದರೋ ಟಿಎನ್‌ಎಫ್‌ನ ಅಲೆ ಹಾದುಹೋಗಿ, ನಿಗ್ರಹವೇ ಮೇಲುಗೈಯಾಗಿರಬಹುದು. ಅಂಥವನಿಗೆ ಉಳಿದಿರುವ ರಕ್ಷಣೆಯನ್ನೂ ಕಸಿದುಕೊಳ್ಳುವುದು ಚಿಕಿತ್ಸೆಯಾಗಲಾರದು.

ಆದುದರಿಂದ ಇನ್ನು ಮುಂದೆ ಇಂಥ ಔಷಧಗಳನ್ನು ಪರೀಕ್ಷಿಸುವವರು, ರೋಗಿಯ ರಕ್ತದಲ್ಲಿ ಪ್ರಚೋದಕ, ನಿಗ್ರಾಹಕ ಅಣುಗಳೆರಡನ್ನೂ ಮತ್ತೆ ಮತ್ತೆ ಅಳೆದು, ಅವನು ಯಾವ ಹಂತದಲ್ಲಿರುವನೆಂಬುದನ್ನು ನಿಶ್ಚಯಿಸಿಕೊಂಡ ಬಳಿಕವೇ ಔಷಧವನ್ನು ಕೊಡತಕ್ಕದ್ದು.