ಮನೆಯ ಹಿಟ್ಟು, ಊರ ಭಟ್ಟಿ

ಅಡುಗೆಮನೆಯ ದುರಸ್ತಿ ಎಲ್ಲ ದೇಶಗಳ ಸಂಸಾರಗಳಿಗೂ ತಲೆನೋವೇ. ಆದರೆ ಯುರೋಪು, ಅಮೆರಿಕಗಳಲ್ಲಿ ಅದರ ಪರಿ ಸ್ವಲ್ಪ ಬೇರೆ. ನಮ್ಮಲ್ಲಾದರೆ ಗ್ಯಾಸ್ ಒಲೆಯನ್ನು ಪಡಸಾಲೆಯ ಮೂಲೆಗೆ ಸರಿಸಿ ಅನ್ನ, ಸಾರು ಮಾಡಿಕೊಂಡರೆ ಹೇಗೋ ದಿನ ದೂಡಬಹುದು. ಅಲ್ಲಿಯ ಬ್ರೆಡ್ಡು, ಮಾಂಸದ ಹುರಿಗಡುಬು, ಹಬ್ಬದ ಕೇಕು ಎಲ್ಲವೂ ಓವನ್ನಿನ ಮುಚ್ಚಿದ ಬಿಸಿಯಲ್ಲಿ ಬೇಯಬೇಕಾದವು. ಓವನ್ ಕಳಚಿ ಹೊರಗಿಟ್ಟ ದಿನದಿಂದ, ಮನೆಮಂದಿಗೆ ಊಟ ಹಾಕುವುದು ಹೇಗೆಂಬ ಚಿಂತೆ ಶುರುವಾಗುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ, ಪಟ್ಟಣದ ಸಾಮಾನ್ಯ ಜನರ ಮಟ್ಟಿಗೆ ಮನೆಯಲ್ಲಿ ಓವನ್ ಇರುವುದೇ ಇತ್ತೀಚಿನ ರೂಢಿ. ಅದಕ್ಕೆ ನೂರೈವತ್ತು ವರ್ಷಗಳೂ ತುಂಬಿಲ್ಲ. ಅದಕ್ಕೂ ಹಿಂದೆ, ಶತಮಾನಗಳ ಕಾಲ, ಹಿಟ್ಟು ಮನೆಯದು, ಬೆಂಕಿ ಬೇರೆಯವರದು. ನಮ್ಮ ಹಳ್ಳಿಗಳಲ್ಲಿ ರಾಗಿ, ಜೋಳವನ್ನು ಗಿರಣಿಗೆ ಒಯ್ದು, ಕೂಲಿ ಕೊಟ್ಟು ಬೀಸಿಸಿಕೊಂಡು ಬರುವಂತೆ ಅಲ್ಲಿಯ ಜನ ನಾದಿದ ಹಿಟ್ಟನ್ನೂ ಮಾಂಸದ ಪಾತ್ರೆಯನ್ನೂ ಊರ ಭಟ್ಟಿಗೆ ಒಯ್ದು ಬೇಯಿಸಿಕೊಂಡು ಬರುತ್ತಿದ್ದರು. ಈ ಒಪ್ಪಂದದಲ್ಲಿ ಅನುಕೂಲವಿದ್ದಂತೆ ಮೋಸವೂ ಇತ್ತು, ದಬ್ಬಾಳಿಕೆಯೂ ಇತ್ತು.

ಮನೆಗೊಂದು ಭಟ್ಟಿ ಏಕಿರಲಿಲ್ಲ?

ಇದಕ್ಕೆ ಉತ್ತರ ಭಟ್ಟಿ ಕೆಲಸ ಮಾಡುವ ರೀತಿಯಲ್ಲೇ ಇದೆ. ನಮ್ಮ ಒಲೆಯಲ್ಲಿ ಬೆಂಕಿ ಪಾತ್ರೆಯ ಕೆಳಗೆ ಉರಿಯುತ್ತದೆ. ನಾಲ್ಕು ಸೌದೆ ಸಿಕ್ಕರೂ ಒಂದು ಹೊತ್ತಿನ ಅಡುಗೆ ಆದೀತು. ಇಟ್ಟಿಗೆಯ ಭಟ್ಟಿ ಹಾಗಲ್ಲ. ಮೊದಲು ಅದರ ಹೊಟ್ಟೆಯೊಳಗೇ ಗಂಟೆಗಟ್ಟಲೆ ಸೌದೆ ಉರಿಸಿ ಗೋಡೆ, ನೆಲ, ಕಮಾನನ್ನು ಕಾಯಿಸಬೇಕು. ಆಮೇಲೆ ಕೆಂಡ, ಬೂದಿಯನ್ನು ಹೊರಗೆಳೆದು, ಹಿಟ್ಟಿನ ಉಂಡೆಗಳನ್ನು ಒಳಗಿಟ್ಟು ಬಾಯಿ ಮುಚ್ಚಬೇಕು. ಇಟ್ಟಿಗೆ ಕುಡಿದಿಟ್ಟುಕೊಂಡ ಶಾಖದಲ್ಲಿ ಬ್ರೆಡ್ ಬೇಯುತ್ತದೆ. ಒಂದು ಸಂಸಾರದ ನಾಲ್ಕು ಬ್ರೆಡ್ಡಿಗಾಗಿ ಇಷ್ಟು ಸೌದೆ ಸುಡುವುದು ದಂಡ. ಹತ್ತಾರು ಮನೆಗಳ ಹಿಟ್ಟು ಒಟ್ಟಿಗೆ ಬೆಂದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಜಾಗದ ಕೊರತೆ, ಬೆಂಕಿಯ ಭಯ ಎಂಬ ಕಾರಣಗಳೂ ಇದ್ದವು. ಒತ್ತೊತ್ತಾಗಿ ನಿಂತ ಮರದ ಮನೆಗಳ ನಡುವೆ ಭಟ್ಟಿ ಅಪಾಯದ ವಸ್ತು. 1666ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಪುಡಿಂಗ್ ಲೇನಿನಲ್ಲಿದ್ದ ಥಾಮಸ್ ಫ್ಯಾರಿನರ್ ಎಂಬವನ ಬೇಕರಿಯಲ್ಲಿ ಹೊತ್ತಿದ ಬೆಂಕಿ ನಾಲ್ಕು ದಿನ ಉರಿದು ಸುಮಾರು 13,200 ಮನೆಗಳನ್ನು ನುಂಗಿತು.

ಹಂಚಿಕೊಂಡ ಭಟ್ಟಿಯ ಕುರುಹುಗಳು ರೋಮನರ ಕಾಲದಿಂದಲೂ ಸಿಗುತ್ತವೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆಯಲ್ಲಿ ಮೂವತ್ತಕ್ಕೂ ಹೆಚ್ಚು ಬೇಕರಿಗಳ ಅವಶೇಷಗಳು ದೊರೆತಿವೆ. ಪಕ್ಕದ ಹರ್ಕ್ಯುಲೇನಿಯಂ ಪಟ್ಟಣದಲ್ಲಿ ಸಿಕ್ಕ, ಸುಟ್ಟು ಇದ್ದಿಲಾದ ಒಂದು ಬ್ರೆಡ್ಡಿನ ಮೇಲೆ ಅಚ್ಚೊತ್ತಿದ ಅಕ್ಷರಗಳು ಇಂದಿಗೂ ಓದುವಂತಿವೆ. ಕ್ವಿಂಟಸ್ ಗ್ರಾನಿಯಸ್ ವೆರಸ್ ಎಂಬವನ ಗುಲಾಮ ಕೆಲೆರ್ ಎಂಬವನದು ಆ ಬ್ರೆಡ್. ಹಲವರ ಬ್ರೆಡ್ಡುಗಳ ನಡುವೆ ತಮ್ಮದನ್ನು ಗುರುತಿಸಿಕೊಳ್ಳಲು ಇಂಥ ಮುದ್ರೆ ಒತ್ತುತ್ತಿದ್ದಿರಬೇಕೆಂದು ಊಹಿಸಲಾಗಿದೆ. ದಕ್ಷಿಣ ಇಟಲಿಯ ಮಾತೇರಾ ಪಟ್ಟಣದಲ್ಲಿ ಈ ರೂಢಿ 20ನೆಯ ಶತಮಾನದವರೆಗೂ ಉಳಿದಿತ್ತು. ಅಲ್ಲಿ ಪ್ರತಿ ಮನೆಗೂ ಮರದಲ್ಲಿ ಕೆತ್ತಿದ ತನ್ನದೇ ಬ್ರೆಡ್ ಮುದ್ರೆಯಿತ್ತು.

ಮೇಜಿನ ಕೆಳಗಿನ ಕೈ

ಮುದ್ರೆ ಒತ್ತಿದರೆ ಬ್ರೆಡ್ ಅದಲುಬದಲಾಗುವುದು ತಪ್ಪುತ್ತದೆ. ಆದರೆ ಹಿಟ್ಟೇ ಕಳುವಾದರೆ? 1327ರಲ್ಲಿ ಲಂಡನ್ ನಗರದ ನ್ಯಾಯಸಭೆಯ ಮುಂದೆ ಬಂದ ಮೊಕದ್ದಮೆ ಇಂಥದ್ದೇ. ಜಾನ್ ಬ್ರಿಡ್ ಎಂಬ ಬೇಕರಿಯವನು ಹಿಟ್ಟು ತಟ್ಟುವ ಮೇಜಿಗೆ ಒಂದು ರಂಧ್ರ ಕೊರೆಸಿ, ಅದಕ್ಕೊಂದು ಮುಚ್ಚಳ ಮಾಡಿಸಿದ್ದ. ನೆರೆಹೊರೆಯವರು ತಂದ ಹಿಟ್ಟನ್ನು ಅವರ ಕಣ್ಣೆದುರಿಗೇ ಮೇಜಿನ ಮೇಲಿಟ್ಟು ತಟ್ಟುತ್ತಿರುವಾಗ, ಕೆಳಗೆ ಅಡಗಿ ಕುಳಿತ ಆಳು ಮುಚ್ಚಳ ಸರಿಸಿ ಚೂರುಚೂರೇ ಹಿಟ್ಟನ್ನು ಕೆಳಗೆಳೆದುಕೊಳ್ಳುತ್ತಿದ್ದ. ವಿಚಾರಣೆ ನಡೆದಾಗ ಇನ್ನೂ ಹಲವು ಬೇಕರಿಗಳಲ್ಲಿ ಇಂಥ ಮೇಜುಗಳಿರುವುದು ಬಯಲಾಯಿತು. ಮೇಜಿನ ಕೆಳಗೆ ಕದ್ದ ಹಿಟ್ಟು ಸಿಕ್ಕವರನ್ನು, ಆ ಹಿಟ್ಟನ್ನೇ ಕೊರಳಿಗೆ ಕಟ್ಟಿ, ಬೀದಿಯ ದಂಡನೆಯ ಕಂಬದಲ್ಲಿ ಜನರೆಲ್ಲ ನೋಡುವಂತೆ ನಿಲ್ಲಿಸಲಾಯಿತು.

ಕದ್ದದ್ದು ಒಂದೊಂದು ಹಿಡಿ ಹಿಟ್ಟಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎನಿಸಬಹುದು. ಆದರೆ ಬಡವರ ಮನೆಯಲ್ಲಿ ಬ್ರೆಡ್ಡೇ ಊಟ. ಬೇರೆ ಭಟ್ಟಿಯಿಲ್ಲದವರು ಆ ಕೈಯನ್ನೇ ನಂಬಬೇಕಿತ್ತು. ಆ ನಂಬಿಕೆ ಮುರಿದರೆ ಊರಿನ ಊಟವೇ ಕೆಟ್ಟಂತೆ.

ಒಡೆಯನ ಬೆಂಕಿಗೆ ತೆರಿಗೆ

ಲಂಡನ್ನಿನ ಗಿರಾಕಿಗೆ ಒಬ್ಬ ಬೇಕರಿಯವನು ಸರಿಬಾರದಿದ್ದರೆ ಇನ್ನೊಬ್ಬನ ಬಳಿಗೆ ಹೋಗುವ ದಾರಿಯಾದರೂ ಇತ್ತು. ಫ್ರಾನ್ಸಿನ ಹಳ್ಳಿಗರಿಗೆ ಅನೇಕ ಕಡೆ ಅದೂ ಇರಲಿಲ್ಲ. ಅಲ್ಲಿ ಭಟ್ಟಿ ಊರಿನ ಒಡೆಯನದು. ಅವನ ಗಿರಣಿಯಲ್ಲೇ ಬೀಸಿಸಬೇಕು, ಅವನ ಗಾಣದಲ್ಲೇ ದ್ರಾಕ್ಷಿ ಹಿಂಡಿಸಬೇಕು, ಅವನ ಭಟ್ಟಿಯಲ್ಲೇ ಬ್ರೆಡ್ ಬೇಯಿಸಬೇಕು; ಪ್ರತಿಯೊಂದಕ್ಕೂ ಒಂದು ಪಾಲು ಅವನಿಗೆ ಸಲ್ಲಬೇಕು. ಈ ಕಟ್ಟುಪಾಡಿಗೆ ಅಲ್ಲಿಯವರು ‘ಬಾನಾಲಿತೆ’ ಎನ್ನುತ್ತಿದ್ದರು. ಭಟ್ಟಿ ಕಟ್ಟಿಸಿ ಸುಸ್ಥಿತಿಯಲ್ಲಿಡುವುದು ಒಡೆಯನ ಹೊಣೆಯಾಗಿತ್ತೆಂಬುದು ನಿಜ. ಆದರೆ ಸ್ವಂತ ಹಿಟ್ಟನ್ನು ಸ್ವಂತ ಬೆಂಕಿಯಲ್ಲಿ ಬೇಯಿಸಿಕೊಳ್ಳುವುದೇ ತಪ್ಪೆನಿಸುವ ಪರಿಸ್ಥಿತಿ ರೈತನದಾಗಿತ್ತು.

1789ರ ಕ್ರಾಂತಿಗೆ ಮುನ್ನ ಫ್ರಾನ್ಸಿನ ಊರೂರುಗಳಿಂದ ದೊರೆಗೆ ಸಲ್ಲಿಸಲು ಸಿದ್ಧವಾದ ಅಹವಾಲುಗಳಲ್ಲಿ ಈ ಕಟ್ಟುಪಾಡಿನ ಮೇಲಿನ ದೂರುಗಳೂ ಇದ್ದವು. ಆ ವರ್ಷದ ಆಗಸ್ಟ್ 4ರ ರಾತ್ರಿ ಅಲ್ಲಿಯ ರಾಷ್ಟ್ರೀಯ ಸಭೆ ಒಡೆಯರ ವಿಶೇಷ ಹಕ್ಕುಗಳನ್ನು ಕಿತ್ತುಹಾಕುವ ನಿರ್ಧಾರ ಕೈಗೊಂಡಿತು. ಉಳಿದಿದ್ದ ಊಳಿಗಮಾನ್ಯ ಸಲ್ಲಿಕೆಗಳೆಲ್ಲ 1793ರ ಜುಲೈನಲ್ಲಿ ಪರಿಹಾರವಿಲ್ಲದೆ ರದ್ದಾದವು. ಫ್ರೆಂಚ್ ಕ್ರಾಂತಿ ಎಂದೊಡನೆ ಬಾಸ್ಟಿಲ್ ಕೋಟೆ, ಗಿಲೊಟಿನ್ ನೆನಪಾಗುತ್ತವೆ. ತನ್ನ ಬ್ರೆಡ್ಡನ್ನು ತನಗೆ ಬೇಕಾದ ಕಡೆ ಬೇಯಿಸಿಕೊಳ್ಳುವ ಸ್ವಾತಂತ್ರ್ಯವೂ ಅದರ ಗಳಿಕೆಗಳಲ್ಲಿ ಒಂದೆಂಬುದನ್ನು ಮರೆಯುವಂತಿಲ್ಲ.

ವಾರದ ಊಟ, ವಾರದ ಬಿಡುವು

ದಬ್ಬಾಳಿಕೆಯಿಲ್ಲದ ಕಡೆ ಊರ ಭಟ್ಟಿ ಮನೆವಾರ್ತೆಯನ್ನು ಹಗುರ ಮಾಡಿದ್ದೂ ಉಂಟು. ಯಹೂದಿಗಳ ಧರ್ಮದಲ್ಲಿ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ಆಗ ಬೆಂಕಿ ಹೊತ್ತಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಆದರೆ ಹಬ್ಬದ ದಿನದ ಊಟ ಬಿಸಿಯಾಗಿರಬೇಕು. ಪೂರ್ವ ಯುರೋಪಿನ ಯಹೂದಿ ಗೃಹಿಣಿಯರು ಕಾಳು, ಧಾನ್ಯ, ಮಾಂಸ ತುಂಬಿದ ಗಡಿಗೆಯನ್ನು ಶುಕ್ರವಾರವೇ ಬೇಕರಿಯ ಭಟ್ಟಿಗೆ ಕೊಟ್ಟುಬಿಡುತ್ತಿದ್ದರು. ಆರುತ್ತ ಹೋಗುವ ಭಟ್ಟಿಯಲ್ಲಿ ರಾತ್ರಿಯಿಡೀ ಹದವಾಗಿ ಬೆಂದ ‘ಚೋಲೆಂಟ್’ ಎಂಬ ಆ ಖಾದ್ಯವನ್ನು ಮರುದಿನ ಪ್ರಾರ್ಥನೆ ಮುಗಿಸಿ ಮನೆಗೆ ತರುತ್ತಿದ್ದರು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ‘ಬೆಕೆಯೊಫೆ’ ಎಂಬ ಮಾಂಸ, ಆಲೂಗಡ್ಡೆಯ ಅಡುಗೆಯಿದೆ. ಹೆಸರಿನ ಅರ್ಥವೇ ಬೇಕರಿಯವನ ಭಟ್ಟಿ ಎಂದು. ಸೋಮವಾರ ಬಟ್ಟೆ ಒಗೆಯುವ ದಿನವಾದ್ದರಿಂದ ಹೆಂಗಸರು ಗಡಿಗೆಯನ್ನು ಭಟ್ಟಿಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರೆಂಬುದು ಅಲ್ಲಿಯವರು ಹೇಳುವ ಮಾತು.

ಇಂಗ್ಲೆಂಡಿನ ಬಡವರಿಗೆ ಆ ದಿನ ಭಾನುವಾರ. ಅಂದು ಬೇಕರಿಯವರು ಬ್ರೆಡ್ ಬೇಯಿಸುವಂತಿರಲಿಲ್ಲ. ಆದರೆ ಜನ ತಂದ ಊಟವನ್ನು ಮಧ್ಯಾಹ್ನದವರೆಗೆ ಬೇಯಿಸಿಕೊಡಲು 1794ರ ಕಾನೂನು ಅವಕಾಶ ಕೊಟ್ಟಿತ್ತು. ಬಾಡಿಗೆ ಕೋಣೆಯಲ್ಲಿ ಬರಿಯ ಅಗ್ಗಿಷ್ಟಿಕೆ ಇದ್ದವರಿಗೆ ವಾರಕ್ಕೊಮ್ಮೆ ಬಿಸಿ ಮಾಂಸದೂಟ ಸಿಗುತ್ತಿದ್ದುದು ಈ ಕಿಂಡಿಯಿಂದಲೇ. 1830ರ ದಶಕದಲ್ಲಿ ಸರ್ ಆಂಡ್ರ್ಯೂ ಆಗ್ನ್ಯೂ ಎಂಬ ಸಂಸತ್ ಸದಸ್ಯ, ಭಾನುವಾರದ ಎಲ್ಲ ದುಡಿಮೆಯನ್ನೂ ನಿಲ್ಲಿಸಬೇಕೆಂದು ಮತ್ತೆಮತ್ತೆ ಮಸೂದೆ ತಂದ. ಶ್ರೀಮಂತರ ಮನೆಯ ಅಡುಗೆಯವರು ಭಾನುವಾರವೂ ದುಡಿಯುತ್ತಿರುವಾಗ ಬಡವನ ಊಟಕ್ಕೆ ಮಾತ್ರ ಅಡ್ಡಿಯೇ ಎಂದು ರೇಗಿದವರಲ್ಲಿ ಆಗಿನ್ನೂ ತರುಣನಾಗಿದ್ದ ಚಾರ್ಲ್ಸ್ ಡಿಕನ್ಸ್ ಒಬ್ಬ. 1836ರಲ್ಲಿ ಅವನು ಬೇರೆ ಹೆಸರಿನಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದು ಈ ಮಸೂದೆಯನ್ನು ಟೀಕಿಸಿದ. ಏಳು ವರ್ಷಗಳ ನಂತರ ಬಂದ ಅವನ ಪ್ರಸಿದ್ಧ ಕ್ರಿಸ್‌ಮಸ್ ಕಥೆಯಲ್ಲಿ ಬಡ ಗುಮಾಸ್ತ ಕ್ರಾಚಿಟ್‌ನ ಸಂಸಾರದ ಬಾತು ಬೇಯುವುದೂ ಬೇಕರಿಯಲ್ಲೇ. ಆಗ್ನ್ಯೂವಿನ ಮಸೂದೆ ಕಾನೂನಾಗಲಿಲ್ಲ.

ಭಟ್ಟಿ ಮನೆಯೊಳಗೆ ಬಂದಾಗ

ಈ ಪದ್ಧತಿಗೆ ಪೆಟ್ಟು ಕೊಟ್ಟದ್ದು ಕಬ್ಬಿಣ ಮತ್ತು ಗ್ಯಾಸ್. 1780ರಲ್ಲಿ ಥಾಮಸ್ ರಾಬಿನ್ಸನ್ ಎಂಬವನು ಪಕ್ಕದಲ್ಲೇ ಓವನ್ ಇರುವ ಕಬ್ಬಿಣದ ಒಲೆಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. 1826ರಲ್ಲಿ ಜೇಮ್ಸ್ ಶಾರ್ಪ್ ಗ್ಯಾಸ್ ಒಲೆಗೆ ಪೇಟೆಂಟ್ ಪಡೆದ. ಆದರೆ ಕೂಲಿಕಾರರ ಮನೆಗೆ ಗ್ಯಾಸ್ ಬಂದದ್ದು 1890ರ ದಶಕದಲ್ಲಿ, ಪೆನ್ನಿ ನಾಣ್ಯ ಹಾಕಿದರೆ ಅಷ್ಟಕ್ಕೆ ತಕ್ಕ ಗ್ಯಾಸ್ ಬಿಡುವ ಮೀಟರುಗಳು ಹರಡಿದ ಮೇಲೆ. ಗಂಟೆಗಟ್ಟಲೆ ಸೌದೆ ಉರಿಸುವ ಗೋಜು ತಪ್ಪಿತು. ಬೇಕರಿಯವನ ಹಂಗೂ ತಪ್ಪಿತು.

ಎರಡನೆಯ ಮಹಾಯುದ್ಧದಲ್ಲಿ ಆ ಸ್ವಾವಲಂಬನೆ ಸ್ವಲ್ಪ ಕಾಲ ಕುಸಿಯಿತು. 1940ರ ಸೆಪ್ಟೆಂಬರಿನಿಂದ ಮರುವರ್ಷದ ಮೇ ತಿಂಗಳವರೆಗೆ ಜರ್ಮನ್ ಬಾಂಬುಗಳು ಬ್ರಿಟನ್ನಿನ ಪಟ್ಟಣಗಳ ಮೇಲೆ ಬಿದ್ದಾಗ ಮನೆಗಳ ಜೊತೆ ಅಡುಗೆಮನೆಗಳೂ ಗ್ಯಾಸ್ ಕೊಳವೆಗಳೂ ಹಾಳಾದವು. ಸರ್ಕಾರ ಸಾರ್ವಜನಿಕ ಊಟದ ಕೇಂದ್ರಗಳನ್ನು ತೆರೆಯಿತು. ಅವುಗಳಿಗೆ ‘ಬ್ರಿಟಿಷ್ ರೆಸ್ಟೋರೆಂಟ್’ ಎಂಬ ಹೆಸರು ಸೂಚಿಸಿದವನು ಪ್ರಧಾನಿ ಚರ್ಚಿಲ್. 1943ರ ಹೊತ್ತಿಗೆ ಇಂಥ ಕೇಂದ್ರಗಳು 2,000ವನ್ನು ದಾಟಿದ್ದವು.

ಊರ ಭಟ್ಟಿ ಪೂರ್ತಿ ಆರಿಲ್ಲ. ಮೊರೊಕ್ಕೊದ ಫೆಜ್, ಮರಾಕೆಷ್ ನಗರಗಳ ಹಳೆಯ ಕೇರಿಗಳಲ್ಲಿ ‘ಫೆರ್ರಾನ್’ ಎಂಬ ಸಾರ್ವಜನಿಕ ಭಟ್ಟಿಗಳು ಇಂದಿಗೂ ಇವೆ. ಮಕ್ಕಳು ಹಲಗೆಯ ಮೇಲೆ ಹಿಟ್ಟು ಹೊತ್ತು ತರುತ್ತಾರೆ. ಯಾವ ಬ್ರೆಡ್ ಯಾರ ಮನೆಯದೆಂಬುದು ಭಟ್ಟಿಯವನಿಗೆ ನೋಡಿದರೇ ಗೊತ್ತು.

ನಮ್ಮಲ್ಲೂ ಇದರ ಒಂದು ಎಳೆಯಿದೆ. ಬೆಂಗಳೂರು, ಮಂಗಳೂರುಗಳ ಕ್ರೈಸ್ತ ಕುಟುಂಬಗಳಲ್ಲಿ ಮನೆಯಲ್ಲಿ ಓವನ್ ಇಲ್ಲದ ಕಾಲಕ್ಕೆ, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ ಹತ್ತಿರದ ಬೇಕರಿಗೆ ಒಯ್ಯುವ ವಾಡಿಕೆಯಿತ್ತು. ತಟ್ಟೆಯ ಜೊತೆ ಹೆಸರು ಬರೆದ ಚೀಟಿಯೂ ಹೋಗುತ್ತಿತ್ತು. ಬೆಂದ ಮೇಲೆ ತಮ್ಮ ಹಿಟ್ಟು ತಮಗೇ ಮರಳಬೇಕೆಂಬ ಕಾಳಜಿಯಲ್ಲಿ ಆ ಚೀಟಿಗೂ ಹರ್ಕ್ಯುಲೇನಿಯಂನ ಕೆಲೆರನ ಮುದ್ರೆಗೂ ಹೆಚ್ಚಿನ ವ್ಯತ್ಯಾಸವಿಲ್ಲ.