ಮಕ್ಕಳ ಸ್ವಾನುಭವ ಕಥನ: ಬರೆಯುವ ಮೊದಲಿನ ಸಿದ್ಧತೆ

ಸ್ವಾನುಭವ ಕಥನ ಎಂದರೇನು

ತಮ್ಮ ಬದುಕಿನಲ್ಲಿ ನಡೆದ ಒಂದು ಪ್ರಸಂಗವನ್ನು, ಆಗ ಉಂಟಾದ ಭಾವನೆಗಳ ಸಮೇತ, ಉತ್ತಮ ಪುರುಷದಲ್ಲಿ ನಿರೂಪಿಸುವ ಗದ್ಯಬರಹವೇ ಸ್ವಾನುಭವ ಕಥನ. ಇಂಗ್ಲಿಷ್ ತರಗತಿಗಳಲ್ಲಿ ಇದಕ್ಕೆ ‘ಪರ್ಸನಲ್ ನ್ಯಾರೇಟಿವ್’ ಎಂಬ ಹೆಸರಿದೆ. ಆತ್ಮಕಥೆಯಲ್ಲಿ ಇಡೀ ಜೀವನ ಬಂದರೆ ಇಲ್ಲಿ ಕೆಲವು ಗಂಟೆಗಳ, ಕೆಲವೊಮ್ಮೆ ಕೆಲವೇ ನಿಮಿಷಗಳ ಅನುಭವ ಬರುತ್ತದೆ. ದಿನಚರಿಗೆ ಓದುಗರಿಲ್ಲ, ಇದಕ್ಕೆ ಓದುಗರಿದ್ದಾರೆ.

ಶಾಲೆಗಳಲ್ಲಿ ಬರೆಸುವ ‘ನಾನು ಕಂಡ ಜಾತ್ರೆ’ಯಂಥ ಪ್ರಬಂಧಗಳು ಈ ಪ್ರಕಾರಕ್ಕೆ ಹತ್ತಿರದವು. ಆದರೆ ತೇರು, ಬೆಂಡು ಬತ್ತಾಸು, ಬೊಂಬೆ ಅಂಗಡಿಗಳೆಲ್ಲ ಬಂದುಹೋದರೂ ಜಾತ್ರೆಗೆ ಹೋದ ಮಗು ಮಾತ್ರ ಅವುಗಳಲ್ಲಿ ಕಾಣಿಸುವುದು ಅಪರೂಪ.

ಯೋಜನೆಯ ಅಗತ್ಯ

ಬರವಣಿಗೆಯಲ್ಲಿ ಯೋಜನೆ, ಆಲೋಚನೆಯನ್ನು ವಾಕ್ಯಕ್ಕಿಳಿಸುವುದು, ಪರಿಶೀಲನೆ ಎಂಬ ಮೂರು ಕ್ರಿಯೆಗಳು ಒಂದರೊಳಗೊಂದು ಬೆರೆತು ನಡೆಯುತ್ತವೆ ಎಂದು ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲಿ ಪ್ರತಿಪಾದಿಸಿದರು. ನುರಿತ ಲೇಖಕರಿಗೆ ಈ ಬೆರಕೆ ಸುಲಭ. ಒತ್ತಕ್ಷರ, ದೀರ್ಘ, ವಾಕ್ಯದ ಜೋಡಣೆ ಇವುಗಳಿಗೇ ಗಮನವೆಲ್ಲ ವ್ಯಯವಾಗುವ ಮಗುವಿಗೆ ಅದು ಹೊರೆ. ಆಗ ‘ಬೆಳಿಗ್ಗೆ ಎದ್ದೆ, ಆಮೇಲೆ ಸ್ನಾನ ಮಾಡಿದೆ, ಆಮೇಲೆ ಬಸ್ಸು ಹತ್ತಿದೆ’ ಎಂಬ ಸರಣಿ ಮೂಡಿ, ‘ತುಂಬಾ ಸಂತೋಷವಾಯಿತು’ ಎಂದು ಮುಗಿಯುತ್ತದೆ. ಏನು ಹೇಳಬೇಕೆಂಬುದು ಮೊದಲೇ ನಿಶ್ಚಯವಾಗಿದ್ದರೆ ಹೇಗೆ ಹೇಳಬೇಕೆಂಬುದರತ್ತ ಗಮನ ಹರಿಸಲು ಅವಕಾಶ ಸಿಗುತ್ತದೆ.

ಪ್ರಸಂಗದ ಆಯ್ಕೆ

ವಿಷಯವನ್ನು ಆರಿಸುವ ಹಕ್ಕು ಮಗುವಿನದು. ಅಮೆರಿಕದ ಶಿಕ್ಷಣತಜ್ಞ ಡೊನಾಲ್ಡ್ ಗ್ರೇವ್ಸ್ 1983ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ತತ್ತ್ವಕ್ಕೆ ವ್ಯಾಪಕ ಪ್ರಚಾರ ದೊರೆಯಿತು. ಆರಿಸಿದ ವಿಷಯವನ್ನು ಕಿರಿದುಗೊಳಿಸುವುದು ಮುಂದಿನ ಹೆಜ್ಜೆ. ‘ಮೈಸೂರು ಪ್ರವಾಸ’ ಬಹಳ ದೊಡ್ಡದು. ‘ಮೃಗಾಲಯದಲ್ಲಿ ಗುಂಪಿನಿಂದ ತಪ್ಪಿಸಿಕೊಂಡ ಹತ್ತು ನಿಮಿಷ’ ಒಂದು ಕಥನಕ್ಕೆ ಸಾಕು.

ಭಾವನೆಯ ಗುರುತು

ಯೋಜನೆಯ ಅತ್ಯಂತ ಕಠಿಣ ಭಾಗ ಇದು. ಭಾವನೆಯ ಹೆಸರು ಮಗುವಿಗೆ ಗೊತ್ತಿರುತ್ತದೆ, ಅದು ಎಲ್ಲಿ ಕಾಣಿಸಿಕೊಂಡಿತೆಂಬುದು ನೆನಪಿನಲ್ಲಿ ಹುದುಗಿರುತ್ತದೆ. ಅದನ್ನು ಹೊರತರುವ ಸಾಧನ ಮಾತುಕತೆ. ಉದಾಹರಣೆಗೆ, ಐದನೆಯ ತರಗತಿಯ ಹುಡುಗನೊಬ್ಬ ‘ನಮ್ಮ ಕರುವನ್ನು ಮಾರಿದರು. ನನಗೆ ಬೇಜಾರಾಯಿತು’ ಎಂದು ಎರಡೇ ಸಾಲು ಬರೆದು ನಿಲ್ಲಿಸಿದ್ದಾನೆ ಎಂದುಕೊಳ್ಳಬಹುದು.

‘ನಿನಗೆ ಯಾವಾಗ ಗೊತ್ತಾಯ್ತು, ಪುಟ್ಟಾ?’

‘ಸ್ಕೂಲಿಂದ ಬಂದಾಗ ಮಿಸ್. ಮನೆ ಮುಂದೆ ಟೆಂಪೋ ನಿಂತಿತ್ತು.’

‘ಆಗ ಏನು ಮಾಡಿದೆ?’

‘ಬ್ಯಾಗೂ ಇಳಿಸಲಿಲ್ಲ. ಹಗ್ಗ ಹಿಡ್ಕೊಂಡು ನಿಂತೆ. ಅಪ್ಪ ಬೈದರು. ರಾತ್ರಿ ಅಪ್ಪನ ಜೊತೆ ಊಟಕ್ಕೆ ಕೂತ್ಕೊಳ್ಳಲಿಲ್ಲ.’

‘ಅಪ್ಪ ಯಾಕೆ ಮಾರಿದ್ರು?’

‘ಅಕ್ಕನ ಕಾಲೇಜ್ ಫೀಸ್ ಕಟ್ಟಬೇಕಿತ್ತು.’

ಟೆಂಪೋ, ಇಳಿಸದ ಬ್ಯಾಗು, ಕೈಯಲ್ಲಿನ ಹಗ್ಗ, ತಪ್ಪಿಸಿದ ಊಟ: ಇವಿಷ್ಟನ್ನು ಬಿಡಿ ಪದಗಳಾಗಿ ಬರೆದುಕೊಂಡರೆ ಕಥನದ ಯೋಜನೆ ಬಹುಮಟ್ಟಿಗೆ ಸಿದ್ಧ. ಇನ್ನು ‘ಬೇಜಾರು’ ಎಂಬ ಪದ ಇಲ್ಲದೆಯೂ ದುಃಖ ತಿಳಿಯುತ್ತದೆ. ಕೊನೆಯ ಉತ್ತರದಿಂದ ಇನ್ನೊಂದು ಭಾವನೆಯೂ ಹೊರಬಿದ್ದಿದೆ. ಅಪ್ಪನ ಮೇಲಿನ ಸಿಟ್ಟು ಮತ್ತು ಅಪ್ಪನ ಕಷ್ಟದ ಅರಿವು ಒಟ್ಟಿಗೇ ಇರಬಲ್ಲವು. ಎರಡನ್ನೂ ಬರೆಯಬಹುದೆಂದು ಮಗುವಿಗೆ ತಿಳಿಸಬೇಕು.

ಇದೇ ಕೆಲಸಕ್ಕೆ ಭಾವರೇಖೆ ಎಂಬ ನಕ್ಷೆಯೂ ನೆರವಾಗುತ್ತದೆ. ಹಾಳೆಯ ನಡುವೆ ಒಂದು ಅಡ್ಡಗೆರೆ ಎಳೆದು, ಘಟನೆಗಳನ್ನು ಎಡದಿಂದ ಬಲಕ್ಕೆ ಕ್ರಮವಾಗಿ ಗುರುತಿಸಬೇಕು. ಹಿತವೆನಿಸಿದ್ದನ್ನು ಗೆರೆಯ ಮೇಲೆ, ನೋವಾದದ್ದನ್ನು ಕೆಳಗೆ ಚುಕ್ಕಿಯಿಟ್ಟು ಜೋಡಿಸಬೇಕು. ರೇಖೆ ಥಟ್ಟನೆ ಏರುವ ಅಥವಾ ಇಳಿಯುವ ಕಡೆ ಬರಹ ವಿಸ್ತಾರವಾಗಬೇಕು. ಸಮತಟ್ಟಾದ ಭಾಗಕ್ಕೆ ಒಂದು ವಾಕ್ಯ ಸಾಕು.

ಕಥನದ ಅಂಗಗಳು

ಜನರು ಬಾಯಿಮಾತಿನಲ್ಲಿ ಹೇಳುವ ಸ್ವಂತ ಕಥೆಗಳನ್ನು ವಿಶ್ಲೇಷಿಸಿ, ವಿಲಿಯಂ ಲಬೋವ್ ಮತ್ತು ಜೋಶುವಾ ವಾಲೆಟ್ಸ್ಕಿ 1967ರಲ್ಲಿ ಐದು ಅಂಗಗಳನ್ನು ಗುರುತಿಸಿದರು: ಹಿನ್ನೆಲೆ, ತೊಡಕು, ಮೌಲ್ಯನಿರ್ಣಯ, ಪರಿಹಾರ, ಸಮಾಪ್ತಿ. ಇವುಗಳಲ್ಲಿ ಮಕ್ಕಳು ಬಿಟ್ಟುಬಿಡುವುದು ಸಾಮಾನ್ಯವಾಗಿ ಮೂರನೆಯದನ್ನು. ‘ಈ ಘಟನೆ ನಿನಗೆ ಯಾಕೆ ಮುಖ್ಯ?’ ಎಂಬ ಪ್ರಶ್ನೆಗೆ ಉತ್ತರವೇ ಮೌಲ್ಯನಿರ್ಣಯ. ಅದು ನೀತಿಪಾಠವಲ್ಲ. ‘ಇದರಿಂದ ಏನು ಕಲಿತೆ?’ ಎಂದು ಒತ್ತಾಯಿಸಿದಾಗ ಮಕ್ಕಳು ಹಿರಿಯರು ಮೆಚ್ಚುವ ಮಾತನ್ನು ಬರೆಯುತ್ತಾರೆ. ಅಲ್ಲಿಗೆ ಅನುಭವ ಅವರದಾಗಿ ಉಳಿಯುವುದಿಲ್ಲ.

ಹಿರಿಯರ ಪಾತ್ರ

ಯೋಜನೆಯ ಹಂತದಲ್ಲಿ ಕಾಗುಣಿತ ತಿದ್ದಬಾರದು. ಮನೆಮಾತಿನ ಪದಗಳು ಬಂದರೆ ಬರಲಿ. ಧಾರವಾಡದ ಮಗುವಿನ ‘ಅವ್ವ’ ಗ್ರಾಂಥಿಕ ‘ತಾಯಿ’ಯಾದರೆ ಲಾಭವೇನೂ ಇಲ್ಲ. ಹೇಳಲು ಇಷ್ಟವಿಲ್ಲದ್ದನ್ನು ಬಿಟ್ಟುಬಿಡಲು ಮಗುವಿಗೆ ಸ್ವಾತಂತ್ರ್ಯವಿರಬೇಕು. ಬರೆದದ್ದನ್ನು ತರಗತಿಯಲ್ಲಿ ಓದಿಸುವ ಮುನ್ನ ಅದರ ಒಪ್ಪಿಗೆಯನ್ನೂ ಪಡೆಯಬೇಕು. ಹೊಡೆತ, ಕಿರುಕುಳದಂಥ ಸಂಗತಿ ಬರಹದಲ್ಲಿ ಕಂಡರೆ ಅದನ್ನು ಭಾಷಾಭ್ಯಾಸವೆಂದು ನೋಡಕೂಡದು. ಆಗ ಮಗುವಿನ ರಕ್ಷಣೆಯೇ ಮೊದಲು. ನೆರವಿಗೆ 1098 ಮಕ್ಕಳ ಸಹಾಯವಾಣಿಯಿದೆ.

ಬಳಕೆಯ ಕ್ಷೇತ್ರಗಳು

ಜಪಾನಿನಲ್ಲಿ ಮಕ್ಕಳು ತಮ್ಮ ನಿತ್ಯಜೀವನವನ್ನು ಬರೆಯುವುದೇ ಒಂದು ಶೈಕ್ಷಣಿಕ ಚಳವಳಿಯಾಗಿತ್ತು. ಯಮಗಾತಾ ಪ್ರಾಂತ್ಯದ ಬಡ ಹಳ್ಳಿಯೊಂದರ ಶಿಕ್ಷಕ ಮುಚಾಕು ಸೇಕ್ಯೋ ತಮ್ಮ ವಿದ್ಯಾರ್ಥಿಗಳ ಬರಹಗಳನ್ನು 1951ರಲ್ಲಿ ‘ಯಾಮಾಬಿಕೊ ಗಕ್ಕೋ’ ಎಂಬ ಪುಸ್ತಕವಾಗಿ ಹೊರತಂದರು. ಬಡತನ ಮತ್ತು ದುಡಿಮೆಯನ್ನು ಮಕ್ಕಳೇ ಬಣ್ಣಿಸಿದ ಆ ಸಂಕಲನ ದೇಶದಾದ್ಯಂತ ಓದುಗರನ್ನು ಪಡೆಯಿತು; ಮರುವರ್ಷ ಚಲನಚಿತ್ರವೂ ಆಯಿತು.

ನಮ್ಮ ಶಾಲೆಗಳಲ್ಲಿ ಗೋಡೆಪತ್ರಿಕೆ, ಬೇಸಿಗೆ ಶಿಬಿರ ಮತ್ತು ಭಾಷಾ ಪಾಠಗಳಲ್ಲಿ ಇದನ್ನು ಬಳಸಬಹುದು. ಅಕ್ಷರ ಇನ್ನೂ ಕೈವಶವಾಗದ ಪುಟ್ಟ ಮಕ್ಕಳು ಮೂರು ಚೌಕಗಳಲ್ಲಿ ಮೊದಲು, ನಡುವೆ, ಕೊನೆಗೆ ನಡೆದದ್ದನ್ನು ಚಿತ್ರವಾಗಿ ಬಿಡಿಸಿ ಕಥೆ ಹೇಳುತ್ತಾರೆ. ಶಿಕ್ಷಕರು ಅವರ ಮಾತನ್ನು ಬದಲಿಸದೆ ಚಿತ್ರದ ಕೆಳಗೆ ಬರೆದುಕೊಡುತ್ತಾರೆ.